ನಿನ್ನೆಯ ದಿನವನ್ನು ಬರೆದು ನೋಡಿ

ಮುಂಬೈನ ಸಂಜೆ 6ರ ಡೊಂಬಿವಲಿ ಲೋಕಲ್‌ ರೈಲಿನಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಮಕ್ಕಳಾದ ಮೇಲೆ ನೀವು ಹೆಚ್ಚು ಸಂತೋಷವಾಗಿದ್ದೀರಾ?" ಹೌದು, ಇಲ್ಲ ಎರಡೂ ಸುಳ್ಳಾಗುತ್ತಿದ್ದವು. ಅವಳಿಗೆ ಹೇಳಿಕೊಟ್ಟ ವಿಧಾನವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಗು ಬೇಕೋ ಬೇಡವೋ ಎಂದು ತೀರ್ಮಾನಿಸಲು ಇದು ನೆರವಾಗದು; ಮಕ್ಕಳಿರುವ ಮನೆಯಲ್ಲಿ ಸಂತೋಷ ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕಲು ಆಗುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಗ್ಗೆ ಎದ್ದು ನಿನ್ನೆಯ ದಿನವನ್ನು ತುಣುಕು ತುಣುಕಾಗಿ ಬರೆಯಿರಿ: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಏನು ಮಾಡಿದಿರಿ, ಯಾರ ಜೊತೆ. ಆಗ ಎಷ್ಟು ಸಂತೋಷವಾಗಿದ್ದಿರಿ ಎಂದು ಪ್ರತಿಯೊಂದಕ್ಕೂ ಸೊನ್ನೆಯಿಂದ 6ರೊಳಗೆ ಅಂಕ ಕೊಡಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರಿಂದ ಹೀಗೆಯೇ ದಿನಚರಿ ಬರೆಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಟಿವಿ ನೋಡುವುದಕ್ಕಿಂತ, ಅಡುಗೆಗಿಂತ ಕೆಳಗಿತ್ತು. ಕಚೇರಿ ಕೆಲಸ ಮತ್ತು ಪ್ರಯಾಣ ಅದಕ್ಕಿಂತಲೂ ಕೆಳಗೆ. ಲೋಕಲ್‌ನಲ್ಲಿ ನಿಂತು ಓಡಾಡುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

"ಮಕ್ಕಳ ಜೊತೆ" ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಎಬ್ಬಿಸುವುದು, ಜಡೆ ಹಾಕುವುದು, ಹೋಮ್‌ವರ್ಕ್, ಮಲಗಿಸುವುದು ಎಲ್ಲವೂ ಬೇರೆ ಬೇರೆ ಸಾಲಿಗೆ ಬರಲಿ. ನನ್ನ ಪುಸ್ತಕದಲ್ಲಿ ಮಗಳಿಗೆ ಜಡೆ ಹಾಕುವ ಹತ್ತು ನಿಮಿಷಕ್ಕೆ 5 ಬಿದ್ದಿತ್ತು. ದೀಪ ಆರಿಸಿದ ಮೇಲೆ ಮಗ "ಅಮ್ಮಾ, ಕುಂದಾಪುರದ ಅಜ್ಜಿಮನೆ ಬಾವಿಯಲ್ಲಿ ಆಮೆ ಇನ್ನೂ ಇದೆಯಾ?" ಎಂದು ಕೇಳಿದ ರಾತ್ರಿಗೆ 6. ಎಂಟೂವರೆಯ ಹೋಮ್‌ವರ್ಕಿಗೆ ಮಾತ್ರ ದಿನವೂ 1. ಎರಡು ವಾರ ಬರೆಯಿರಿ. ಒಂದೇ ವಾರದಲ್ಲಿ ಜ್ವರವೋ ಪರೀಕ್ಷೆಯೋ ಬಂದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ತೀರಾ ಕೆಳಗಿರುವ ಒಂದೇ ಒಂದು ಸಾಲನ್ನು ಬದಲಿಸಿ. ನನ್ನ ಎಂಟೂವರೆಯ ಸಿಟ್ಟಿಗೆ ಕಾರಣ ಮಗನ ಭಾಗಾಕಾರವಾಗಿರಲಿಲ್ಲ, ನನ್ನ ಹಸಿವು ಮತ್ತು ಕಾಲುನೋವು. ಈಗ ಮನೆಗೆ ಬಂದ ಕೂಡಲೇ ಮಗನ ಪಕ್ಕದಲ್ಲಿ ಕುಳಿತು ಮೊದಲು ಅವಲಕ್ಕಿ ತಿನ್ನುತ್ತೇನೆ. ಗಣಿತ ಬೆಳಗ್ಗೆ ಆರೂವರೆಗೆ, ನನ್ನ ಗಂಡನ ಪಾಲಿಗೆ. ಇದರಲ್ಲಿ ಕಷ್ಟದ ಭಾಗ ವಹಿಸಿಕೊಡುವುದಲ್ಲ, ವಹಿಸಿಕೊಟ್ಟ ಮೇಲೆ ಸುಮ್ಮನಿರುವುದು. ಮೊದಲ ವಾರ ಎರಡು ಬಾರಿ ಲೆಕ್ಕ ತಪ್ಪಾಗಿಯೇ ಶಾಲೆಗೆ ಹೋಯಿತು. ನಾನು ಅಡುಗೆಮನೆಯಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದೆ. ನೀವೂ ನಿಂತುಕೊಳ್ಳಿ. ಹಿಂದಿನಿಂದ ತಿದ್ದಲು ಹೋದರೆ ಆ ಕೆಲಸ ಮರಳಿ ನಿಮ್ಮ ತಲೆಗೇ ಬರುತ್ತದೆ.

ನೋಟ್‌ಬುಕ್ಕಿನಿಂದ ಸರಿಯಾಗದ ಸಾಲುಗಳೂ ಇವೆ. 22 ದೇಶಗಳನ್ನು ಹೋಲಿಸಿದ 2016ರ ಅಧ್ಯಯನವೊಂದರಲ್ಲಿ, ಸಂಬಳಸಹಿತ ರಜೆ ಮತ್ತು ಶಿಶುಪಾಲನೆಗೆ ಸರ್ಕಾರದ ನೆರವು ಚೆನ್ನಾಗಿರುವ ಕಡೆ ಮಕ್ಕಳಿರುವವರು ಮಕ್ಕಳಿಲ್ಲದವರಿಗಿಂತ ಕಡಿಮೆ ಸಂತೋಷದಿಂದೇನೂ ಇರಲಿಲ್ಲ. ನನ್ನ ಮಗಳು ಹುಟ್ಟಿದ 2012ರಲ್ಲಿ ನಮ್ಮ ಕಾನೂನು ಕೊಡುತ್ತಿದ್ದದ್ದು 12 ವಾರಗಳ ಹೆರಿಗೆ ರಜೆ. ಮೂರು ತಿಂಗಳ ಕೂಸನ್ನು ಪಾಳಣಾಘರದಲ್ಲಿ (ಕೂಸುಗಳನ್ನು ನೋಡಿಕೊಳ್ಳುವ ಮನೆ) ಬಿಟ್ಟು ಏಳೂಕಾಲರ ಗಾಡಿ ಹಿಡಿದ ಆ ದಿನಗಳಿಗೆ ನಾನು ಇಂದಿಗೂ ಸೊನ್ನೆಯನ್ನೇ ಕೊಡುತ್ತೇನೆ. 2017ರ ತಿದ್ದುಪಡಿ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವವರಿಗೆ 26 ವಾರ ಕೊಟ್ಟಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂದಿತು. ಬಸುರಿಯಾದ ಮೇಲೆ ಸಂಕೋಚಪಡುತ್ತಾ ಕೇಳುವುದಕ್ಕಿಂತ ಈಗಲೇ ಕಚೇರಿಯಲ್ಲಿ ಲಿಖಿತವಾಗಿ ಕೇಳು ಎಂದು ಆ ಹುಡುಗಿಗೆ ಹೇಳಿದೆ.

ಒಂದು ಮಾತು ಬಾಕಿ. ಅಂಕ ಕೊಡಲು ಬಾರದ ತುಣುಕು ಎದುರಾದರೆ ಖಾಲಿ ಬಿಡಿ, ಬಲವಂತ ಬೇಡ. ನನ್ನ ಪುಸ್ತಕದಲ್ಲಿ ನಿನ್ನೆಯ ಒಂದು ಸಾಲು ಹಾಗೆಯೇ ಇದೆ: "6.40, ಮಗಳು ತನ್ನ ಜಡೆಯನ್ನು ತಾನೇ ಹಾಕಿಕೊಂಡಳು."