ಮೊಲಗಳಿಗೆ ಬೇರೆಡೆ ನೆಲೆ ಒದಗಿಸಿ ಹಿತ್ತಿಲಲ್ಲಿ ಮೀನಿಗೆ ಜಾಗ ಮಾಡುವುದು ಹೇಗೆ?

ಮಾಂಸಕ್ಕಾಗಿ ಮೊಲ ಸಾಕುತ್ತಿದ್ದವರು ಅದೇ ಹಿತ್ತಿಲಲ್ಲಿ ಮೀನು ಸಾಕಲು ಹೊರಟಾಗ ಮೊದಲು ವಿಚಾರಿಸುವುದು ತೊಟ್ಟಿಯ ಅಳತೆಯನ್ನು, ಪಂಪನ್ನು ಮತ್ತು ಮೀನುಮರಿ ಸಿಗುವ ಜಾಗವನ್ನು. ಮೊಲಗಳನ್ನು ಕೊಟ್ಟು ಕಳಿಸುವುದು ಒಂದು ದಿನದ ಕೆಲಸವೆಂದು ಅವರು ಭಾವಿಸಿರುತ್ತಾರೆ. ಆದರೆ ಈ ಬದಲಾವಣೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಮೊಲಗಳೇ ಹೊರತು ಮೀನುಗಳಲ್ಲ. ಮೀನುಮರಿಗೆ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಂಡವರು ಕೊನೆಯ ವಾರದಲ್ಲಿ ಗಬ್ಬದ ಮೊಲ, ಹಾಲು ಬಿಡದ ಮರಿ ಎಂದು ನೋಡದೆ ಸಿಕ್ಕಿದವರ ಕೈಗೆ ದಾಟಿಸಬೇಕಾಗುತ್ತದೆ. ಆದ್ದರಿಂದ ಕೊನೆಯ ಮೊಲ ಹಿತ್ತಿಲು ಬಿಟ್ಟ ಮೇಲೆಯೇ ಮೀನುಮರಿ ತರುವ ದಿನವನ್ನು ಗೊತ್ತುಮಾಡುವುದು ಕ್ಷೇಮ.

ಮೊದಲ ಕೆಲಸ: ಜೋಡಿ ಮಾಡಿಸುವುದನ್ನು ನಿಲ್ಲಿಸಿ

ತೀರ್ಮಾನ ಕೈಗೊಂಡ ದಿನವೇ ಗಂಡು ಮೊಲಗಳನ್ನು ಬೇರೆ ಗೂಡಿಗೆ ಹಾಕಬೇಕು. ಮೊಲದ ಗರ್ಭಾವಧಿ ಸುಮಾರು 31 ದಿನ; ಮರಿಗಳು ಐದಾರು ವಾರದಲ್ಲಿ ಹಾಲು ಬಿಟ್ಟರೂ ಅವುಗಳ ಹೊಟ್ಟೆ ಹೊಸ ಮೇವಿಗೆ ಹೊಂದಿಕೊಳ್ಳುವವರೆಗೆ, ಅಂದರೆ 8 ವಾರ ತುಂಬುವವರೆಗೆ, ಇದ್ದಲ್ಲೇ ಇರುವುದು ಒಳ್ಳೆಯದು. ನಿನ್ನೆ ಜೋಡಿಯಾದ ಹೆಣ್ಣು ಮೊಲ ಒಂದೇ ಒಂದು ಇದ್ದರೂ ಅದರ ಮರಿಗಳು ಹೊರಡಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕೆಂದು ಈ ಲೆಕ್ಕ ಹೇಳುತ್ತದೆ. ಮರಿ ಹಾಕಿದ ದಿನವೇ ಹೆಣ್ಣು ಮೊಲ ಮತ್ತೆ ಗರ್ಭ ಧರಿಸಬಲ್ಲದು. ಹೀಗಾಗಿ ಗಂಡನ್ನು ಒಂದೇ ಗಂಟೆಯ ಮಟ್ಟಿಗೆ ಜೊತೆಗೆ ಬಿಟ್ಟರೂ ಮೂರು ತಿಂಗಳ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಗಂಡು, ಹೆಣ್ಣು ಮರಿಗಳನ್ನು 3 ತಿಂಗಳು ತುಂಬುವುದರೊಳಗೆ ಬೇರ್ಪಡಿಸದಿದ್ದರೂ ಇದೇ ತೊಂದರೆ ಎದುರಾಗುತ್ತದೆ.

ಎರಡನೆಯದು: ಒಂದೊಂದು ಮೊಲವನ್ನೂ ಪರೀಕ್ಷಿಸಿ ಬರೆದಿಡಿ

ಪ್ರತಿ ಮೊಲಕ್ಕೂ ಒಂದು ಚೀಟಿ ಮಾಡಿ ಅದರಲ್ಲಿ ತಳಿ, ಹುಟ್ಟಿದ ತಿಂಗಳು, ತೂಕ, ಈವರೆಗೆ ಎಷ್ಟು ಸಲ ಮರಿ ಹಾಕಿದೆ, ಯಾವ ಔಷಧ ಯಾವಾಗ ಕೊಟ್ಟದ್ದು ಎಂಬ ವಿವರಗಳನ್ನು ದಾಖಲಿಸಬೇಕು. ನ್ಯೂಜಿಲೆಂಡ್ ವೈಟ್, ಕ್ಯಾಲಿಫೋರ್ನಿಯನ್ ಮುಂತಾದ ಮಾಂಸದ ತಳಿಗಳನ್ನು ಕೊಳ್ಳುವವರು ಮೊದಲು ಕೇಳುವುದೂ ಇದನ್ನೇ. ಕಿವಿಯೊಳಗೆ ಕಂದು ಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಕಿವಿಯ ನುಸಿಯ ಗುರುತು. ಮೂಗು ಮತ್ತು ಪಾದದ ಅಂಚಿನಲ್ಲಿ ಒಣ ಹುರುಪೆ ಕಂಡರೆ ಕಜ್ಜಿಯೆಂದು ಶಂಕಿಸಬೇಕು. ಮೂಗು ಸೋರುತ್ತಾ ಪದೇಪದೇ ಸೀನುವ ಮೊಲ ಮತ್ತು ಹಿಂಭಾಗ ಒದ್ದೆಯಾಗಿ ಭೇದಿಯಿರುವ ಮರಿ, ಇವೆರಡನ್ನೂ ಪಶುವೈದ್ಯರಿಗೆ ತೋರಿಸದೆ ಯಾರಿಗೂ ಕೊಡಬಾರದು. ತಂತಿಯ ಮೇಲೆ ವರ್ಷಗಟ್ಟಲೆ ಕುಳಿತ ಮೊಲಗಳ ಹಿಂಗಾಲಿನ ಅಡಿಯಲ್ಲಿ ಕೂದಲುದುರಿ ಹುಣ್ಣಾಗಿರುವುದುಂಟು. ಮೊಲವನ್ನು ಎತ್ತಿ ತಿರುಗಿಸಿದರೆ ಮಾತ್ರ ಅದು ಕಾಣುತ್ತದೆ. ಔಷಧ ಕೊಟ್ಟ ಮೊಲವನ್ನು ಮಾಂಸಕ್ಕೆ ಬಳಸುವ ಮುನ್ನ ಎಷ್ಟು ದಿನ ಕಾಯಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ಅದೇ ಚೀಟಿಯಲ್ಲಿ ಬರೆಯುವುದು ಅಗತ್ಯ.

ಮೂರನೆಯದು: ಯಾರಿಗೆ ಕೊಡಬೇಕು?

ಮೊದಲು ಕೇಳಬೇಕಾದದ್ದು ಈಗಾಗಲೇ ಮೊಲ ಸಾಕುತ್ತಿರುವವರನ್ನು. ಗೂಡು, ಮೇವು, ಅನುಭವ ಮೂರೂ ಅವರ ಬಳಿ ಇರುವುದಲ್ಲದೆ, ಒಳ್ಳೆಯ ಹೆಣ್ಣು ಮೊಲದ ಬೆಲೆಯೂ ಅವರಿಗೆ ಗೊತ್ತಿರುತ್ತದೆ. ಪಶುವೈದ್ಯರು, ಕೃಷಿ ಕಾಲೇಜುಗಳು, ಮೇವಿನ ಅಂಗಡಿಯವರು ಇಂಥವರ ಪರಿಚಯ ಮಾಡಿಸಬಲ್ಲರು. ಮನೆಯಲ್ಲಿ ಮುದ್ದಿಗಾಗಿ ಸಾಕಲು ಕೇಳಿ ಬರುವವರಿಗೆ ಎರಡು ಸಂಗತಿ ತಿಳಿಸಬೇಕು: ಮಾಂಸದ ತಳಿಯ ಮೊಲ ಬೆಳೆದಾಗ ನಾಲ್ಕೈದು ಕಿಲೋ ತೂಗುತ್ತದೆ, ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ಇದನ್ನು ಕೇಳಿ ಹಿಂದೆ ಸರಿಯುವವರು ಆಗಲೇ ಸರಿಯುವುದು ಒಳಿತು.

ಕೊಳ್ಳುವವರ ಉದ್ದೇಶವನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚವೇಕೆ? ಮಾಂಸಕ್ಕಾಗಿಯೇ ಬೆಳೆಸಿದ ಪ್ರಾಣಿಯನ್ನು ಮಾಂಸಕ್ಕೆ ಕೊಡುವುದು ತಪ್ಪಲ್ಲ. ಸಾಕುತ್ತೇನೆಂದು ಒಬ್ಬರು ಹೇಳಿ, ಬೇರೊಂದಕ್ಕೆ ಬಳಸುವುದು ಮಾತ್ರ ಮನಸ್ತಾಪಕ್ಕೆ ದಾರಿ. ವಯಸ್ಸಾದ ಹೆಣ್ಣುಗಳನ್ನು, ಹೆಚ್ಚುವರಿ ಗಂಡುಗಳನ್ನು ತಳಿಗಾಗಿ ಯಾರೂ ಕೇಳುವುದಿಲ್ಲವಾದ್ದರಿಂದ ಅವುಗಳ ವಿಷಯದಲ್ಲಿ ಮಾಂಸವೇ ಪ್ರಾಮಾಣಿಕವಾದ ದಾರಿಯಾಗಿರಬಹುದು. ಎಲ್ಲಕ್ಕಿಂತ ಕೆಟ್ಟ ದಾರಿಯೆಂದರೆ ಬಯಲಿಗೆ ಬಿಟ್ಟುಬಿಡುವುದು. ಗೂಡಿನಲ್ಲೇ ಬೆಳೆದ ಬಿಳಿ ಮೊಲ ಬಯಲಲ್ಲಿ ಅಡಗಲು ತಿಳಿಯದೆ ಬೇಗನೆ ನಾಯಿಯ ಬಾಯಿಗೆ ಬೀಳುತ್ತದೆ. ಬದುಕಿ ಉಳಿದು ಹೆಚ್ಚಿದರೂ ಅನಾಹುತವೇ. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬೇಟೆಯ ಮೋಜಿಗೆಂದು ಬಿಟ್ಟ ಕೆಲವೇ ಮೊಲಗಳ ಸಂತತಿ ಖಂಡದ ಬಹುಭಾಗದ ಹುಲ್ಲುಗಾವಲನ್ನು ಹಾಳುಗೆಡವಿತು.

ನಾಲ್ಕನೆಯದು: ಸಾಗಿಸುವ ದಿನ

ಮೊಲಕ್ಕೆ ಬೆವರುವ ಶಕ್ತಿ ಇಲ್ಲ. ಅದು ಮೈಯ ಬಿಸಿಯನ್ನು ಮುಖ್ಯವಾಗಿ ಕಿವಿಗಳ ಮೂಲಕ ಮತ್ತು ವೇಗವಾಗಿ ಉಸಿರಾಡುವ ಮೂಲಕ ಹೊರಹಾಕುವುದರಿಂದ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮುಚ್ಚಿದ ವಾಹನದಲ್ಲಿ ಅದರ ಪ್ರಾಣಕ್ಕೇ ಅಪಾಯ. ನಸುಕಿನಲ್ಲಿ ಅಥವಾ ಸಂಜೆ, ನಾಲ್ಕೂ ಕಡೆ ಗಾಳಿಯಾಡುವ ಪಂಜರದಲ್ಲಿ ಸಾಗಿಸಬೇಕು. ದೊಡ್ಡ ಗಂಡುಗಳನ್ನು ಒಂದೇ ಪಂಜರದಲ್ಲಿ ಹಾಕಿದರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಕಿವಿ ಹಿಡಿದು ಎತ್ತುವುದು ಸಲ್ಲದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆಯಾಗಿರಬೇಕು, ಏಕೆಂದರೆ ಆಸರೆಯಿಲ್ಲದೆ ಹಿಂಗಾಲು ಜಾಡಿಸಿದಾಗ ಬೆನ್ನುಮೂಳೆಯೇ ಮುರಿಯುವುದುಂಟು.

ಮೊಲದ ಜೊತೆಗೆ ಹತ್ತು ದಿನಕ್ಕಾಗುವಷ್ಟು ಹಳೆಯ ಮೇವನ್ನು ಕೊಟ್ಟು ಕಳಿಸುವುದು ಒಳ್ಳೆಯ ಪದ್ಧತಿ. ಮೇವು ಏಕಾಏಕಿ ಬದಲಾದರೆ ಮೊಲದ ಹೊಟ್ಟೆ ಕೆಡುತ್ತದೆ, ಮತ್ತು ಅರ್ಧ ದಿನ ಏನೂ ತಿನ್ನದೆ ಕುಳಿತ ಮೊಲವೆಂದರೆ ವೈದ್ಯರನ್ನು ಕರೆಯಬೇಕಾದ ಸ್ಥಿತಿ. ತಮ್ಮ ಹಳೆಯ ಮೊಲಗಳಿಂದ ಇವನ್ನು ಕೆಲವು ವಾರ ದೂರ ಇಡುವಂತೆ ಹೊಸ ಮಾಲೀಕರಿಗೆ ಹೇಳಬೇಕು.

ಐದನೆಯದು: ಗೂಡಿನ ಜಾಗದ ಶುದ್ಧಿ

ಮೊಲಕ್ಕೆ ತೊಂದರೆ ಕೊಡದ ಹಲವು ವಸ್ತುಗಳು ಮೀನಿಗೆ ವಿಷ ಎಂಬುದನ್ನು ಈ ಹಂತದಲ್ಲಿ ನೆನಪಿಡಬೇಕು. ನುಸಿ, ಉಣ್ಣೆಗಳಿಗೆಂದು ಗೂಡಿಗೆ ಸಿಂಪಡಿಸುವ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳ ಅತ್ಯಲ್ಪ ಪ್ರಮಾಣವೂ ಮೀನನ್ನು ಕೊಲ್ಲುತ್ತದೆ. ಅಂಥದ್ದನ್ನು ಬಳಸಿದ್ದಲ್ಲಿ ಮರದ ಚೌಕಟ್ಟು, ಗೋಣಿ, ಚಾವಣಿಯ ಹುಲ್ಲು ಇವುಗಳನ್ನು ತೊಟ್ಟಿಯ ಹತ್ತಿರ ಉಳಿಸಿಕೊಳ್ಳಬಾರದು. ಮಳೆನೀರು ಅವುಗಳ ಮೇಲಿಂದ ಹರಿದು ತೊಟ್ಟಿಗೆ ಸೇರದಂತೆಯೂ ಎಚ್ಚರವಹಿಸಬೇಕು. ಪಂಜರದ ಸತು ಲೇಪಿತ ತಂತಿಬಲೆಯನ್ನು ತೊಟ್ಟಿಯೊಳಗೆ ತಡೆಯಾಗಿ ಬಳಸುವ ಆಸೆ ಎಲ್ಲ ಮಿತವ್ಯಯಿಗಳಿಗೂ ಬರುತ್ತದೆ. ನೀರಿನಲ್ಲಿ ಕರಗುವ ಸತು ಮೀನಿನ ಕಿವಿರುಗಳಿಗೆ ಹಾನಿಕರವಾದ್ದರಿಂದ ಆ ಬಲೆ ನೀರಿನ ಹೊರಗೆ, ಕೊಕ್ಕರೆ ಮತ್ತು ಬೆಕ್ಕು ಬಾರದಂತೆ ಮೇಲೆ ಹೊದಿಸಲು ಮಾತ್ರ ಯೋಗ್ಯ.

ಗೂಡಿನ ಕೆಳಗಿನ ಮಣ್ಣು ಮೂತ್ರ ಮತ್ತು ಹಿಕ್ಕೆಯಿಂದ ತೊಯ್ದು ಮೆದುವಾಗಿರುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. 3 ಮೀಟರ್ ಅಗಲದ ದುಂಡು ತೊಟ್ಟಿಯಲ್ಲಿ 1 ಮೀಟರ್ ನೀರು ನಿಲ್ಲಿಸಿದರೆ ಸುಮಾರು 7,000 ಲೀಟರ್, ಅಂದರೆ 7 ಟನ್ ಭಾರ. ಆದ್ದರಿಂದ ಮೆದು ಮಣ್ಣನ್ನೆಲ್ಲ ಕೆರೆದು ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆ ಮಟ್ಟ ಮಾಡಿ ದಮ್ಮಸ್ಸು ಹಾಕಬೇಕು. ತೆಗೆದ ಮಣ್ಣು ತರಕಾರಿ ಪಾತಿಗೆ ಉತ್ತಮ ಗೊಬ್ಬರ. ಮಣ್ಣಿನ ಕೆರೆಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಬೆಳೆಸಲು ಸಾಕುಪ್ರಾಣಿಗಳ ಗೊಬ್ಬರ ಹಾಕುವ ರೂಢಿ ಇದೆ ಎಂದು ಸಣ್ಣ ತೊಟ್ಟಿಗೂ ಹಿಕ್ಕೆ ಸುರಿಯಬಾರದು. ಅಷ್ಟು ಕಡಿಮೆ ನೀರಿನಲ್ಲಿ ಅದು ಕೊಳೆತು ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಉಳಿದ ಮೊಲದ ಮೇವನ್ನೂ ಮೀನಿಗೆ ಹಾಕುವಂತಿಲ್ಲ. ನಾರು ಹೆಚ್ಚಾಗಿದ್ದು ಪ್ರೋಟೀನ್ ಕಡಿಮೆಯಿರುವ ಅದನ್ನು ಮೊಲ ಕೊಂಡವರಿಗೇ ಕೊಡುವುದು ಲೇಸು.

ಆರನೆಯದು: ನೀರು ಹದವಾಗಲು ಬಿಡಿ

ಹೊಸ ಸಿಮೆಂಟ್ ತೊಟ್ಟಿಯಿಂದ ಸುಣ್ಣದ ಅಂಶ ಬಿಡುವುದರಿಂದ ನೀರಿನ ಪಿಎಚ್ ಮಟ್ಟ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಏರುತ್ತದೆ. ಎರಡು ಮೂರು ವಾರ ನೀರು ತುಂಬುತ್ತಾ ಚೆಲ್ಲುತ್ತಾ ಹೋಗಿ ಅದು 8.5ಕ್ಕಿಂತ ಕೆಳಗೆ ನಿಂತ ಮೇಲೆ ಮುಂದುವರಿಯಬೇಕು. ಟಾರ್ಪಾಲಿನ್ ತೊಟ್ಟಿಗೆ ಈ ಕಾಟವಿಲ್ಲ. ನಲ್ಲಿ ನೀರಿನ ಕ್ಲೋರಿನ್, ಗಾಳಿಯಾಡಿಸಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ ಕ್ಲೋರಮೈನ್ ಬೆರೆಸಿದ ನೀರಾದರೆ ಅದು ಹಾಗೆ ಹೋಗದು, ಅದಕ್ಕೆ ಪ್ರತ್ಯೇಕ ರಾಸಾಯನಿಕ ಬೇಕು.

ಮೀನು ಹೊರಹಾಕುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ನೀರು ಸೋಸುವ ಶೋಧಕದ ಕಲ್ಲು, ಸ್ಪಂಜುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅವು ನೆಲೆಯೂರುವ ಮುನ್ನ ತೊಟ್ಟಿ ತುಂಬ ಮೀನು ಬಿಡುವುದೇ ಹೊಸಬರ ಮೀನು ಸಾಯಲು ಬಹುಮಟ್ಟಿಗೆ ಕಾರಣ. ಹಿತ್ತಿಲಲ್ಲಿ ಬೇರೆ ಮೂಲೆ ಇದ್ದವರು ಕೊನೆಯ ಮರಿಗಳು ಬೆಳೆಯುವ ತಿಂಗಳುಗಳಲ್ಲೇ ಒಂದು ಡ್ರಮ್ಮಿನಲ್ಲಿ ಶೋಧಕವನ್ನು ಹದಮಾಡಿಟ್ಟುಕೊಂಡರೆ ಸಾಕಷ್ಟು ಸಮಯ ಉಳಿಯುತ್ತದೆ.

ಕೊನೆಯದು: ಮೀನುಮರಿ ಬಿಡುವುದು

ಗೆಂಡೆ, ಬೆಕ್ಕುಮೀನು, ತಿಲಾಪಿಯಾ ಇವು ಸಣ್ಣ ತೊಟ್ಟಿಗೆ ಒಗ್ಗುತ್ತವೆ. ತಿಲಾಪಿಯಾ ಸಾಕಲು ಹಲವೆಡೆ ಅನುಮತಿ ಬೇಕಾದ್ದರಿಂದ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ತರಬೇಕು. ಮರಿಗಳಿದ್ದ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಬೆರೆಸಿ, ಆಮೇಲೆ ಬಿಡಬೇಕು. ಆರಂಭದಲ್ಲಿ ಉದ್ದೇಶಿಸಿದ ಸಂಖ್ಯೆಯ ಕಾಲು ಭಾಗ ಸಾಕು.

ಮೊಲಗಳ ಗೂಡಿಗೆ ರಾತ್ರಿ ಹೋಗಿ ನೋಡದಿದ್ದರೂ ನಡೆಯುತ್ತಿತ್ತು. ಕಿಕ್ಕಿರಿದ ತೊಟ್ಟಿಯಲ್ಲಿ ವಿದ್ಯುತ್ ಹೋಗಿ ಗಾಳಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಸಾಯುವುದರಿಂದ ಬ್ಯಾಟರಿಯಿಂದ ನಡೆಯುವ ಇನ್ನೊಂದು ಪಂಪನ್ನು ಮರಿ ತರುವ ಮುನ್ನವೇ ಜೋಡಿಸಿಡಬೇಕು. ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದು ಬೆಳಗು ಹರಿಯುವ ಮುನ್ನ. ಆ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅಂದು ಮೇವು ಹಾಕದೆ, ಗಾಳಿ ಹೆಚ್ಚಿಸಿ, ಕ್ಲೋರಿನ್ ತೆಗೆದ ಹೊಸ ನೀರನ್ನು ಕಾಲು ಭಾಗದಷ್ಟು ಬದಲಾಯಿಸಬೇಕು.