ಬಿಡದ ಕೆಮ್ಮನ್ನು ತಜ್ಞರ ಮುಂದಿಡುವುದು ಹೇಗೆ?

ನಮ್ಮ ಅಮ್ಮ ಕಳೆದ ವರ್ಷ ಆಟಿ ತಿಂಗಳಿನಿಂದ (ಜುಲೈ-ಆಗಸ್ಟ್) ದೀಪಾವಳಿಯವರೆಗೂ ಕೆಮ್ಮಿದರು. ಕಫವಿಲ್ಲ, ಜ್ವರವಿಲ್ಲ, ರಾತ್ರಿ ಮಲಗಿದೊಡನೆ ಗಂಟಲಲ್ಲಿ ಕೆರೆತ ಶುರುವಾಗಿ, ಎದ್ದು ಕುಳಿತು ಬಿಸಿನೀರು ಕುಡಿದರೂ ನಿಲ್ಲದೆ, ಪಕ್ಕೆಲುಬು ನೋಯುವಷ್ಟು ಹೊತ್ತು ಕೆಮ್ಮುತ್ತಿದ್ದರು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಿಂದ ತಂದ ಸಿರಪ್ಪಿನ ಖಾಲಿ ಬಾಟಲಿಗಳು ಕಿಟಕಿಯ ದಂಡೆಯಲ್ಲಿ ಏಳು ಸಾಲಾಗಿದ್ದವು. ಕಾಳುಮೆಣಸಿನ ಕಷಾಯ, ಸಾಂಬ್ರಾಣಿ ಸೊಪ್ಪಿನ ರಸ, ಆಡುಸೋಗೆ ಎಲ್ಲವೂ ಆಗಿತ್ತು. ಕೊನೆಗೆ ಶ್ವಾಸಕೋಶ ತಜ್ಞರ ಬಳಿಗೆ ಕರೆದುಕೊಂಡು ಹೋದಾಗ ಅವರು ಸ್ಟೆತಸ್ಕೋಪ್ ಕೈಗೆತ್ತಿಕೊಳ್ಳುವ ಮೊದಲೇ, “ದಿನವೂ ನುಂಗುವ ಮಾತ್ರೆಗಳನ್ನು ತಂದಿದ್ದೀರಾ?” ಎಂದು ಕೇಳಿದರು. ನಾವು ತಂದಿರಲಿಲ್ಲ. ಮರುವಾರ ಒಯ್ದಾಗ ರಕ್ತದೊತ್ತಡದ ಮಾತ್ರೆಯ ಸ್ಟ್ರಿಪ್ಪನ್ನು ಮಗುಚಿ, ಬೆಳ್ಳಿ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿದ್ದ ‘ಎನಾಲಾಪ್ರಿಲ್’ ಎಂಬ ಹೆಸರಿನ ಮೇಲೆ ಬೆರಳಿಟ್ಟರು. ಆ ಮಾತ್ರೆ ಶುರುವಾದದ್ದು ಏಪ್ರಿಲಿನ ವಿಷುವಿನ ಹೊತ್ತಿಗೆ, ಕೆಮ್ಮು ಬಂದದ್ದು ಆಟಿಯಲ್ಲಿ. ಎರಡಕ್ಕೂ ಸಂಬಂಧವಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ದೀರ್ಘಕಾಲದ ಕೆಮ್ಮಿನ ಕಾರಣ ಬಹುಪಾಲು ರೋಗಿಯ ಮಾತಿನಲ್ಲಿ, ಕೆಲಸದಲ್ಲಿ, ಚೀಲದಲ್ಲಿರುವ ಮಾತ್ರೆಗಳಲ್ಲಿ ಅಡಗಿರುತ್ತದೆ. ಯಂತ್ರಗಳ ಪರೀಕ್ಷೆ ಆಮೇಲಿನದು. ಆದ್ದರಿಂದ ತಜ್ಞರ ಬಳಿಗೆ ಹೋಗುವ ಮೊದಲು ನಾವೇ ಮಾಡಿಕೊಳ್ಳಬೇಕಾದ ಸಿದ್ಧತೆಗೆ ಈ ಲೇಖನದಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ವಾರಗಳ ಲೆಕ್ಕ

ಮೂರು ವಾರದೊಳಗಿನ ಕೆಮ್ಮು ಸಾಮಾನ್ಯವಾಗಿ ಶೀತ, ಫ್ಲೂಗಳಂತಹ ವೈರಸ್ ಸೋಂಕಿನದು. ಅದು ತಾನಾಗಿ ಇಳಿಯುತ್ತದೆ. ಸೋಂಕು ಹೋದ ಮೇಲೂ ಶ್ವಾಸನಾಳದ ಒಳಪದರ ಕೆರಳಿಯೇ ಇರುವುದರಿಂದ ಕೆಲವರಿಗೆ ಎಂಟು ವಾರದವರೆಗೆ ಕೆಮ್ಮು ಎಳೆಯುವುದುಂಟು. ದೊಡ್ಡವರಲ್ಲಿ 8 ವಾರ, ಮಕ್ಕಳಲ್ಲಿ 4 ವಾರ ದಾಟಿದ ಕೆಮ್ಮನ್ನು ವೈದ್ಯರು ದೀರ್ಘಕಾಲದ ಕೆಮ್ಮು ಎನ್ನುತ್ತಾರೆ. ಆದರೆ ಕ್ಷಯ ಇನ್ನೂ ಇರುವ ನಮ್ಮ ದೇಶದಲ್ಲಿ ಎಂಟು ವಾರ ಕಾದು ಕುಳಿತುಕೊಳ್ಳುವಂತಿಲ್ಲ. ಎರಡು ವಾರ ಬಿಡದೆ ಕೆಮ್ಮಿರುವ ಯಾರೇ ಆದರೂ ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ನಿಯಮ.

ಹಾಗಾಗಿ ಮೊದಲ ಕೆಲಸ, ಕೆಮ್ಮು ಶುರುವಾದ ದಿನವನ್ನು ಗೊತ್ತುಮಾಡಿಕೊಳ್ಳುವುದು. “ತುಂಬಾ ಸಮಯ ಆಯಿತು” ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯದು. ನಮ್ಮ ಹಿರಿಯರಿಗೆ ತಾರೀಕು ನೆನಪಿರದಿದ್ದರೂ ಅಡಿಕೆಗೆ ಎರಡನೆಯ ಮದ್ದು ಬಿಟ್ಟ ವಾರ, ಮನೆಯಲ್ಲಿ ಪೂಜೆಯಾದ ದಿನ, ಮಗ ಗಲ್ಫಿಗೆ ಮರಳಿದ ದಿನ ನೆನಪಿರುತ್ತದೆ. ಅದನ್ನು ಕೇಳಿ ತಿಳಿದು, ಕ್ಯಾಲೆಂಡರಿನಲ್ಲಿ ಹುಡುಕಿ ತಾರೀಕು ಬರೆದಿಡಿ.

ನೋಟುಪುಸ್ತಕದಲ್ಲಿ ಏನು ಬರೆಯಬೇಕು?

ಹತ್ತು ದಿನಗಳ ಮಟ್ಟಿಗೆ ಕೆಮ್ಮು ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ, ಯಾವುದರಿಂದ ಕೆರಳುತ್ತದೆ, ಕಫವಿದ್ದರೆ ಎಷ್ಟು ಮತ್ತು ಯಾವ ಬಣ್ಣದ್ದು ಎಂದು ದಿನಕ್ಕೆ ಎರಡು ಸಾಲು ಬರೆಯಿರಿ. ಈ ಸಾಲುಗಳು ತಜ್ಞರಿಗೆ ದಾರಿ ತೋರಿಸುತ್ತವೆ. ನಸುಕಿನಲ್ಲಿ ಎಬ್ಬಿಸುವ, ತಂಪು ಗಾಳಿ, ದೂಳು, ನಗು, ಏರು ಹತ್ತುವುದರಿಂದ ಕೆರಳುವ ಕೆಮ್ಮು ಅಸ್ತಮಾದ್ದಾಗಿರಬಹುದು. ಉಬ್ಬಸವೇ ಇಲ್ಲದೆ ಬರೀ ಕೆಮ್ಮಾಗಿ ಕಾಣಿಸಿಕೊಳ್ಳುವ ಅಸ್ತಮಾವೂ ಇದೆ, ಅದನ್ನು ಮನೆಯವರು ನಂಬುವುದೇ ಕಷ್ಟ. ಮೂಗು ಕಟ್ಟುವುದು, ಗಂಟಲ ಹಿಂಬದಿಗೆ ಏನೋ ಇಳಿದಂತಾಗುವುದು, ಆಗಾಗ ಗಂಟಲು ಸರಿಪಡಿಸಿಕೊಳ್ಳುವುದು ಇದ್ದರೆ ಮೂಲ ಮೂಗು ಮತ್ತು ಸೈನಸ್‌ಗಳಲ್ಲಿರಬಹುದು. ಊಟವಾದ ಮೇಲೆ, ಬಗ್ಗಿದಾಗ, ಮಲಗಿದಾಗ ಹೆಚ್ಚುವ ಕೆಮ್ಮಿನ ಹಿಂದೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವ ತೊಂದರೆಯಿರಬಹುದು. ಇಂಥವರಲ್ಲಿ ಅನೇಕರಿಗೆ ಎದೆಯುರಿ ಇರುವುದೇ ಇಲ್ಲ. ಎದೆಯ ಎಕ್ಸ್‌ರೇ ಸರಿಯಿರುವ, ಧೂಮಪಾನ ಮಾಡದ ದೊಡ್ಡವರ ದೀರ್ಘಕಾಲದ ಕೆಮ್ಮಿಗೆ ಈ ಮೂರೇ, ಕೆಲವೊಮ್ಮೆ ಒಟ್ಟಿಗೆ ಎರಡು, ಹೆಚ್ಚಾಗಿ ಕಾರಣವಾಗಿರುತ್ತವೆ. ತಿಂಗಳುಗಟ್ಟಲೆ ದಿನವೂ ಬೆಳಗ್ಗೆ ಬಹಳಷ್ಟು ಕಫ ಬರುತ್ತಿದ್ದರೆ ಶ್ವಾಸನಾಳಗಳು ಹಿಗ್ಗಿ ಹಾಳಾಗುವ ಬ್ರಾಂಕಿಯೆಕ್ಟೇಸಿಸ್ ಎಂಬ ರೋಗವನ್ನೂ ನೋಡಬೇಕಾಗುತ್ತದೆ.

ಅದೇ ಪುಸ್ತಕದ ಇನ್ನೊಂದು ಹಾಳೆಯಲ್ಲಿ ಕೆಲಸ ಮತ್ತು ಮನೆಯ ವಿವರವಿರಲಿ. ನಮ್ಮ ಕಡೆಯವರು ಇದನ್ನು ಹೇಳುವುದೇ ಇಲ್ಲ, ದಿನನಿತ್ಯದ ಕೆಲಸವನ್ನು ವೈದ್ಯರಿಗೆ ಹೇಳಲು ಏನಿದೆ ಎಂಬ ಭಾವನೆ. ಒಣಗಿದ ಅಡಿಕೆ ಸುಲಿಯುವಾಗ ಏಳುವ ದೂಳು, ಬೀಡಿ ಕಟ್ಟುವವರ ಮಡಿಲಿನ ಹೊಗೆಸೊಪ್ಪಿನ ಪುಡಿ, ತೋಟಕ್ಕೆ ಬಿಡುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣದ ತುಂತುರು, ಕಲ್ಲಿನ ಕ್ರಷರಿನ ಸಿಲಿಕಾ ದೂಳು, ಆಟಿ ತಿಂಗಳಲ್ಲಿ ಗೋಡೆಗೂ ಹಾಸಿಗೆಗೂ ಹಿಡಿಯುವ ಬೂಷ್ಟು ಇವೆಲ್ಲವೂ ಶ್ವಾಸಕೋಶಕ್ಕೆ ಸಂಬಂಧಿಸಿದ ಸಂಗತಿಗಳು. ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲೊಲೆಗೆ ಈಗಲೂ ಮಡಲು, ಗೆರಟೆ, ತೆಂಗಿನ ಸಿಪ್ಪೆಯೇ ಸೌದೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಇಂಥ ಹೊಗೆಯಿಂದ ಸಿ.ಒ.ಪಿ.ಡಿ. ಎಂಬ ಶ್ವಾಸಕೋಶದ ರೋಗ ಬರುತ್ತದೆ. ಗಲ್ಫಿನಲ್ಲಿ ದುಡಿದು ಬಂದವರು ಅಲ್ಲಿ ಯಾವ ಕೆಲಸದಲ್ಲಿದ್ದರೆಂಬುದನ್ನೂ ಬರೆಯಬೇಕು.

ಮಾತ್ರೆಗಳ ಚೀಲ

ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ಪಿನ ಸಮೇತ ಒಂದು ಚೀಲಕ್ಕೆ ಹಾಕಿಕೊಳ್ಳಿ. ಆಯುರ್ವೇದದ ಲೇಹ್ಯ, ಹೋಮಿಯೋಪತಿಯ ಗುಳಿಗೆಗಳೂ ಅದರಲ್ಲಿರಲಿ. ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಎಂದು ‘ಪ್ರಿಲ್’ನಲ್ಲಿ ಮುಗಿಯುವ ಹೆಸರಿನ ಮಾತ್ರೆಗಳು ರಕ್ತದೊತ್ತಡಕ್ಕೂ ಹೃದಯಕ್ಕೂ ಉತ್ತಮ ಔಷಧಗಳೇ, ಆದರೆ ಕೆಲವರಲ್ಲಿ ಒಣಕೆಮ್ಮು ತರುತ್ತವೆ. ಅದು ಮಾತ್ರೆ ಶುರುವಾದ ದಿನವೇ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಮೂರು ತಿಂಗಳು ಬೇಕಾಗುತ್ತದೆ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಬಿಡಬಾರದು. ಬಿಟ್ಟರೆ ರಕ್ತದೊತ್ತಡ ಏರಿ ಕೆಮ್ಮಿಗಿಂತ ದೊಡ್ಡ ಅಪಾಯವಾದೀತು. ವೈದ್ಯರು ಅದರ ಬದಲಿಗೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್‌ನಂತಹ ಬೇರೆ ವರ್ಗದ ಮಾತ್ರೆ ಬರೆದುಕೊಡುತ್ತಾರೆ.

ಕಾಯಬಾರದ ಲಕ್ಷಣಗಳು

ಕಫದಲ್ಲಿ ರಕ್ತ, ಸಂಜೆಯ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಮೂರು ವಾರ ದಾಟಿದ ಸ್ವರದ ಒಡಕು, ಎದೆನೋವು, ಕಾಲು ಬಾತು ಏದುಸಿರು ಬರುವುದು ಇವುಗಳಲ್ಲಿ ಒಂದಿದ್ದರೂ ನೋಟುಪುಸ್ತಕ ತುಂಬುವವರೆಗೆ ನಿಲ್ಲದೆ ಹೊರಡಿ. ವರ್ಷಾನುಗಟ್ಟಲೆ ಬೀಡಿ ಸೇದಿದವರ ಹಳೆಯ ಕೆಮ್ಮಿನ ರೀತಿ ಬದಲಾದರೆ ಅದೂ ಎಚ್ಚರಿಕೆಯೇ. ಆಟವಾಡುತ್ತಿದ್ದ ಮಗು ನೆಲಗಡಲೆಯನ್ನೋ ಹುಣಸೆ ಬೀಜವನ್ನೋ ಬಾಯಿಗೆ ಹಾಕಿಕೊಂಡಾಗ ಒಮ್ಮೆಲೆ ಉಸಿರುಗಟ್ಟಿ ಕೆಮ್ಮಿ, ಆಮೇಲೆ ಸುಮ್ಮನಾದರೂ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಆ ತುಣುಕು ಶ್ವಾಸನಾಳದಲ್ಲಿ ಉಳಿದು ವಾರಗಟ್ಟಲೆ ಕೆಮ್ಮಿಸಬಲ್ಲದು. ಮಕ್ಕಳಿಗೆ ಅಂಗಡಿಯವರು ಕೊಟ್ಟ ಸಿರಪ್ ಕುಡಿಸುವ ರೂಢಿಯನ್ನಂತೂ ಈಗಲಾದರೂ ಬಿಡೋಣ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು.

ಕಫದ ಪರೀಕ್ಷೆ

ಮೊದಲು ಹೋಗಬೇಕಾದ್ದು ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ. ಆಶಾ ಕಾರ್ಯಕರ್ತೆಯವರಿಗೆ ಹೇಳಿದರೂ ಸಾಕು. ಅಲ್ಲಿ ಕಫ ಹಿಡಿಯಲು ಒಂದು ಡಬ್ಬಿ ಕೊಡುತ್ತಾರೆ. ಈ ಡಬ್ಬಿಗೆ ಉಗುಳು ತುಂಬಿ ಕೊಟ್ಟು, ‘ರೋಗವಿಲ್ಲ’ ಎಂಬ ವರದಿ ಪಡೆದು ನಿಶ್ಚಿಂತರಾಗುವವರು ಇದ್ದಾರೆ. ಬೆಳಗ್ಗೆ ಎದ್ದೊಡನೆ, ಏನೂ ತಿನ್ನುವ ಮೊದಲು, ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಮನೆಯವರಿಂದ ದೂರ ಅಂಗಳದ ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದುಕೊಂಡು, ಎದೆಯ ತಳದಿಂದ ಕೆಮ್ಮಿ ಬಂದ ದಪ್ಪ ಕಫವನ್ನೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರ ಕ್ಷಯದ ರೋಗಾಣುವನ್ನೂ, ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗದಿರುವುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಪರೀಕ್ಷೆ ಉಚಿತ, ಔಷಧ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. 2024ರ ನವೆಂಬರಿನಿಂದ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಹಣ ಬರುತ್ತದೆ. ನೆರೆಯವರಿಗೆ ಗೊತ್ತಾದೀತೆಂದು ಗುಟ್ಟಾಗಿ ಗಡಿ ದಾಟಿ ಖಾಸಗಿಯಾಗಿ ಔಷಧ ತರುವ ಕುಟುಂಬಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಖಾಸಗಿ ಆಸ್ಪತ್ರೆಗಳೂ ಕ್ಷಯ ರೋಗಿಗಳ ವಿವರವನ್ನು ಸರಕಾರಕ್ಕೆ ತಿಳಿಸಲೇಬೇಕೆಂಬ ನಿಯಮ 2012ರಿಂದ ಇದೆ.

ಯಾವ ಆಸ್ಪತ್ರೆ, ಯಾವ ಭಾಷೆ?

ಕ್ಷಯವಲ್ಲವೆಂದಾದರೆ, ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಅಸ್ತಮಾ ಮತ್ತು ಸಿ.ಒ.ಪಿ.ಡಿ.ಗಾಗಿ ನಡೆಯುವ ‘ಶ್ವಾಸ್’ ಕ್ಲಿನಿಕ್ಕಿನ ಬಗ್ಗೆ ವಿಚಾರಿಸಿ. ಅಲ್ಲಿಗೆ ಮೀರಿದ್ದಾದರೆ ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಅದರಾಚೆಗೆ ಪರಿಯಾರಂನ ಸರಕಾರಿ ವೈದ್ಯಕೀಯ ಕಾಲೇಜು ಇವೆ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಮಂಗಳೂರು ಹತ್ತಿರವೆಂಬುದು ನಿಜ, ನಾವೂ ಅಲ್ಲಿಗೇ ಹೋದದ್ದು. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದಾಗ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡನ್ನು ಕಂಡವರು, ದೀರ್ಘಕಾಲ ಚಿಕಿತ್ಸೆ ಬೇಕಾಗುವ ಕಾಯಿಲೆಗೆ ಜಿಲ್ಲೆಯೊಳಗೂ ಒಂದು ಚೀಟಿ, ಒಬ್ಬ ವೈದ್ಯರು ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಕೇರಳದ ಆರೋಗ್ಯ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಆ ಆಸ್ಪತ್ರೆಗೆ ಫೋನು ಮಾಡಿ ಕೇಳಿಕೊಳ್ಳಿ.

ಮಲೆಯಾಳ ಬಾರದ ಹಿರಿಯರ ಜೊತೆ ಹೋಗುವವರು ಅವರ ಮಾತನ್ನು ಮೊಟಕುಗೊಳಿಸಬೇಡಿ. ಕೆಮ್ಮಿಗೆ ‘ಚುಮ’, ಏದುಸಿರಿಗೆ ‘ಶ್ವಾಸಂಮುಟ್ಟಲ್’, ಜ್ವರಕ್ಕೆ ‘ಪನಿ’, ರಕ್ತಕ್ಕೆ ‘ಚೋರ’ ಎಂದು ಹೇಳಿಕೊಟ್ಟರೆ ಅವರೇ ಅರ್ಧ ಹೇಳಿಯಾರು. ‘ರಾತ್ರಿ ದಮ್ಮು ಕಟ್ಟುತ್ತದೆ, ಹಗಲಿಗೆ ಇಲ್ಲ’ ಎಂದು ಅಜ್ಜಿ ಹೇಳಿದ್ದನ್ನು ಮೊಮ್ಮಗ ‘ಶ್ವಾಸಂಮುಟ್ಟಲ್’ ಎಂಬ ಒಂದೇ ಪದದಲ್ಲಿ ಮುಗಿಸಿದರೆ ವೈದ್ಯರಿಗೆ ಬೇಕಾದ ರಾತ್ರಿಯೇ ಕಳೆದುಹೋಗುತ್ತದೆ.

ತಜ್ಞರ ಕೊಠಡಿಯಲ್ಲಿ

ಎದೆಯ ಎಕ್ಸ್‌ರೇ ಮೊದಲು. ಅದು ಸರಿಯಿದೆಯೆಂದರೆ ಕಾಯಿಲೆ ಇಲ್ಲವೆಂದಲ್ಲ, ಅಸ್ತಮಾ, ಮೂಗು, ಆಮ್ಲದ ತೊಂದರೆಗಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಲೆಕ್ಕ ಮಾಡಿಸಬಹುದು. ಅದು ತುಂಬಾ ಏರಿದ್ದರೆ ಆನೆಕಾಲಿನ ಹುಳದಿಂದ ಬರುವ ಒಂದು ಬಗೆಯ ರಾತ್ರಿಕೆಮ್ಮನ್ನೂ ಯೋಚಿಸುತ್ತಾರೆ. ಉಸಿರನ್ನು ಎಷ್ಟು, ಎಷ್ಟು ವೇಗವಾಗಿ ಊದಬಲ್ಲಿರಿ ಎಂದು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ಕೊಳವೆಯೊಳಗೆ ಒಮ್ಮೆಲೆ ಬಿರುಸಾಗಿ ಊದಿ, ಉಸಿರು ಪೂರ್ತಿ ಖಾಲಿಯಾಗುವವರೆಗೆ ಆರು ಸೆಕೆಂಡಿನಷ್ಟು ಊದುತ್ತಲೇ ಇರಬೇಕು. ಕಡಿಮೆಯೆಂದರೂ ಮೂರು ಬಾರಿ. ಆಮೇಲೆ ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಕಾಲು ಗಂಟೆ ಕಳೆದು ಮತ್ತೆ ಊದಿಸುತ್ತಾರೆ. ಅಮ್ಮ ಮೊದಲ ಸಲ ಸಂಕೋಚದಿಂದ ಮೆಲ್ಲಗೆ ಊದಿದ್ದರಿಂದ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಯಿತು. ಈಗಾಗಲೇ ಇನ್ಹೇಲರ್ ಬಳಸುವವರು ಪರೀಕ್ಷೆಯ ದಿನ ಅದನ್ನು ತೆಗೆದುಕೊಳ್ಳಬಹುದೇ ಎಂದು ಮುಂಚಿತವಾಗಿ ಕೇಳಬೇಕು. ಸಿ.ಟಿ. ಸ್ಕ್ಯಾನನ್ನು ತಾವಾಗಿ ಮಾಡಿಸಿಕೊಂಡು ಹೋಗುವ ಅಗತ್ಯವಿಲ್ಲ.

ಇನ್ಹೇಲರ್ ಬರೆದುಕೊಟ್ಟರೆ ‘ಒಮ್ಮೆ ಹಿಡಿದರೆ ಬಿಡಲಾಗದು’ ಎಂಬ ಭಯ ಬೇಡ. ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅದರ ಔಷಧದ ಪ್ರಮಾಣ ಮೈಕ್ರೋಗ್ರಾಮ್ ಲೆಕ್ಕದ್ದು. ಮಾತ್ರೆಯಲ್ಲಿರುವುದು ಮಿಲಿಗ್ರಾಮ್ ಲೆಕ್ಕದ್ದು. ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಹಾಕಿ ಸೇದುವ ಕ್ರಮವನ್ನು ನರ್ಸಿನ ಮುಂದೆಯೇ ಒಮ್ಮೆ ಮಾಡಿ ತೋರಿಸಿ, ಸ್ಟಿರಾಯ್ಡ್ ಇನ್ಹೇಲರ್ ಆದರೆ ಪ್ರತಿ ಬಾರಿ ಬಾಯಿ ಮುಕ್ಕಳಿಸಿ ಉಗುಳಿ.

ಯಾವ ಚಿಕಿತ್ಸೆಯೂ ಮೂರು ದಿನದಲ್ಲಿ ಕೆಮ್ಮು ನಿಲ್ಲಿಸುವುದಿಲ್ಲ. ಅಸ್ತಮಾದ ಇನ್ಹೇಲರಿಗೂ ಆಮ್ಲದ ಚಿಕಿತ್ಸೆಗೂ ವಾರಗಳ ಕಾಲಾವಕಾಶ ಬೇಕು. ನಡುವೆ ವೈದ್ಯರನ್ನು ಬದಲಾಯಿಸಿದರೆ ಎಲ್ಲವೂ ಮೊದಲಿಂದ ಶುರು. ಹಾಗಾಗಿ ಏಳುವ ಮೊದಲು ಎರಡು ಪ್ರಶ್ನೆ ಕೇಳಿ ಉತ್ತರವನ್ನು ಬರೆದುಕೊಳ್ಳಿ: ಈ ಔಷಧ ಯಾವ ಕಾರಣವನ್ನು ಊಹಿಸಿ ಕೊಟ್ಟದ್ದು, ಎಷ್ಟು ವಾರದಲ್ಲಿ ಫಲ ಕಾಣದಿದ್ದರೆ ಮರಳಿ ಬರಬೇಕು? ಎಲ್ಲ ಕಾರಣಗಳನ್ನು ನೋಡಿಯೂ ಕೆಮ್ಮು ಉಳಿಯುವ ಕೆಲವರಿದ್ದಾರೆ. ಅವರಲ್ಲಿ ಕೆಮ್ಮಿನ ನರಗಳೇ ಅತಿಯಾಗಿ ಸೂಕ್ಷ್ಮವಾಗಿರುತ್ತವೆ, ಮಾತಾಡುವುದು, ಊದುಬತ್ತಿಯ ವಾಸನೆ ಕೂಡ ಕೆರಳಿಸುತ್ತವೆ. ಅದು ಮನಸ್ಸಿನ ಭ್ರಮೆಯಲ್ಲ. ಕೆಮ್ಮು ಬರುವ ಸೂಚನೆಯಲ್ಲೇ ಗುಟುಕು ನೀರು ನುಂಗುವುದು, ಮೂಗಿನಿಂದ ನಿಧಾನವಾಗಿ ಉಸಿರಾಡಿ ತಡೆಯುವುದು ಮುಂತಾದವನ್ನು ವಾಕ್ ಚಿಕಿತ್ಸಕರು ಅಭ್ಯಾಸ ಮಾಡಿಸುತ್ತಾರೆ, ನರಗಳನ್ನು ಶಾಂತಗೊಳಿಸುವ ಔಷಧವನ್ನೂ ತಜ್ಞರು ಕೊಡುವುದುಂಟು.

ಅಮ್ಮನ ಮಾತ್ರೆ ಬದಲಾದ ಮೇಲೂ ಎರಡು ವಾರ ಪುಸ್ತಕದಲ್ಲಿ ‘ರಾತ್ರಿ ಕೆಮ್ಮು, ಎರಡು ಸಲ ಎದ್ದೆ’ ಎಂದೇ ಇದೆ. ಮೂರನೆಯ ವಾರದ ಗುರುವಾರದಂದು ಅವರೇ ಬರೆದ ಸಾಲು: ‘ಬೆಳಗಿನವರೆಗೆ ನಿದ್ದೆ ಬಂತು.’