ರೀಫರ್ ಗಾಡಿ: ಮೀಟರ್ ತೋರಿಸುವ ತಂಪು, ಮಾಲಿನೊಳಗಿನ ತಂಪು

ಉಪ್ಪಳದಲ್ಲಿ ನನ್ನದೊಂದು ರೀಫರ್ ಗಾಡಿ, ಅಂದರೆ ಮಾಲನ್ನು ತಂಪಾಗಿಟ್ಟು ಸಾಗಿಸುವ ಗಾಡಿ, ಉಂಟು. ಮಂಗಳೂರಿನಿಂದ ಐಸ್‌ಕ್ರೀಂ, ಫ್ರೋಝನ್ ಮೀನು, ಬೆಣ್ಣೆ, ಪನೀರ್ ತುಂಬಿಸಿಕೊಂಡು ತಲಪಾಡಿ ದಾಟಿ ಹೊಸಂಗಡಿ, ಕುಂಬಳೆ, ಕಾಸರಗೋಡು, ಕಾಞಂಗಾಡಿನವರೆಗೆ ಅಂಗಡಿ ಅಂಗಡಿಗೆ ಇಳಿಸುವುದು ನನ್ನ ಕೆಲಸ. ಒಮ್ಮೊಮ್ಮೆ ಬದಿಯಡ್ಕ, ಮುಳ್ಳೇರಿಯದ ಒಳದಾರಿಯೂ ಬರುತ್ತದೆ. ಹೊಸದಾಗಿ ಗಾಡಿ ತೆಗೆದುಕೊಳ್ಳುವ ಹುಡುಗರು ಮೊದಲು ಕೇಳುವುದು, "ಯೂನಿಟ್ ಎಷ್ಟು ಮೈನಸ್ ಹೋಗ್ತದೆ ಅಣ್ಣಾ?" ಅಂತ. ಅದನ್ನು ಆಮೇಲೆ ನೋಡುವ, ಮಾಲು ಎಷ್ಟು ಮೈನಸ್‌ನಲ್ಲಿ ಹತ್ತುತ್ತದೆ ಅಂತ ಮೊದಲು ನೋಡು ಎಂದು ನಾನು ಹೇಳುತ್ತೇನೆ.

ಗಾಡಿಯ ಯೂನಿಟ್, ಅಂದರೆ ತಂಪು ಮಾಡುವ ಯಂತ್ರ, ಇರುವುದು ತಂಪಾಗಿ ಬಂದ ಮಾಲನ್ನು ಹಾಗೆಯೇ ಕಾಯಲಿಕ್ಕೆ. ಗೋಡೆ, ಚಾವಣಿ, ಬಾಗಿಲಿನ ಸಂದಿಯಿಂದ ಒಳಗೆ ನುಗ್ಗುವ ಶಾಖವನ್ನು ಹೊರಗೆ ದಬ್ಬುವಷ್ಟೇ ಅದರ ತಾಕತ್ತು. ಲೆಕ್ಕ ಹಾಕಿ ನೋಡಿ. 3 ಟನ್ ಫ್ರೋಝನ್ ಮೀನು ಮೈನಸ್ 18ರ ಬದಲು ಮೈನಸ್ 10ರಲ್ಲಿ ಹತ್ತಿತು ಎಂದಿಟ್ಟುಕೊಳ್ಳಿ. ಆ 8 ಡಿಗ್ರಿ ಇಳಿಸಲಿಕ್ಕೆ ಕಡಿಮೆಯೆಂದರೂ 13 ಕಿಲೋವ್ಯಾಟ್ ಗಂಟೆಯಷ್ಟು ಶಾಖ ತೆಗೆಯಬೇಕು. ಸಣ್ಣ ಗಾಡಿಯ ಯೂನಿಟ್ಟಿಗೆ ಗೋಡೆಯ ಶಾಖ ಕಳೆದು ಒಂದೂವರೆ ಕಿಲೋವ್ಯಾಟ್ ಬಲ ಉಳಿದೀತು ಅಂದರೂ ಒಂಬತ್ತು ಗಂಟೆ ಬೇಕು. ಮಂಗಳೂರಿನಿಂದ ಕಾಞಂಗಾಡಿಗೆ ಅಷ್ಟು ಹೊತ್ತಿನ ದಾರಿಯೇ ಅಲ್ಲ. ನಡುವೆ ಹತ್ತಾರು ಕಡೆ ಬಾಗಿಲು ತೆರೆಯಲಿಕ್ಕೆ ಬೇರೆ ಉಂಟು. ರಾಶಿಯ ಹೊಟ್ಟೆಯಲ್ಲಿರುವ ಪೆಟ್ಟಿಗೆಗೆ ಗಾಳಿ ಮುಟ್ಟುವುದೂ ಇಲ್ಲ. ಹಾಗಾಗಿ ಹತ್ತಿಸುವಾಗ ತಪ್ಪಿದರೆ ದಾರಿಯಲ್ಲಿ ಸರಿ ಮಾಡುವ ಉಪಾಯ ಯಾವುದೂ ಇಲ್ಲ.

ಅದಕ್ಕಾಗಿ ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಸೂಜಿಯಂಥ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಇರುತ್ತದೆ. ಫ್ರೋಝನ್ ಮಾಲಿಗೆ ಪೆಟ್ಟಿಗೆ ಒಡೆದು ಚುಚ್ಚಬೇಕೆಂದಿಲ್ಲ. ಪೆಟ್ಟಿಗೆ ತೆರೆದು ಎರಡು ಪ್ಯಾಕೆಟ್‌ಗಳ ನಡುವೆ ಕಡ್ಡಿ ಇಟ್ಟು, ಎರಡನ್ನೂ ಒತ್ತಿ ಹಿಡಿದು, ಅಂಕೆ ನಿಲ್ಲುವವರೆಗೆ ಕಾಯಬೇಕು. ಕಡ್ಡಿಯನ್ನು ಮೊದಲೇ ಬೇರೊಂದು ಪ್ಯಾಕೆಟ್‌ಗೆ ತಾಗಿಸಿ ತಂಪು ಮಾಡಿಕೊಂಡರೆ ಬೇಗ ನಿಲ್ಲುತ್ತದೆ. ರಾಶಿಯ ಮೇಲಿನದ್ದು, ನಡುವಿನದ್ದು, ಬಾಗಿಲ ಬದಿಯದ್ದು ಹೀಗೆ ಬೇರೆ ಬೇರೆ ಪೆಟ್ಟಿಗೆ ನೋಡಬೇಕು. ಪಿಸ್ತೂಲಿನ ಹಾಗೆ ಹಿಡಿದು ಕೆಂಪು ಚುಕ್ಕೆ ಬಿಡುವ ಮೀಟರ್ ಗೋಡೌನಿನವರಿಗೆ ಭಾರೀ ಇಷ್ಟ. ಅದು ಹೇಳುವುದು ರಟ್ಟಿನ ಮೇಲ್ಮೈಯ ಬಿಸಿಯನ್ನು ಮಾತ್ರ. ಹೊಳೆಯುವ ಹಾಳೆಯ ಮೇಲಂತೂ ಅದರ ಲೆಕ್ಕ ನಂಬುವ ಹಾಗಿಲ್ಲ.

ಥರ್ಮಾಮೀಟರನ್ನೇ ನಂಬುವುದು ಹೇಗೆ? ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದಿ ತುಂಬುವಷ್ಟು ನೀರು ಹೊಯ್ದು, ಕಲಕಿ ಕಡ್ಡಿ ಮುಳುಗಿಸಿ. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಹೋದರೆ ನಾನು ಬೇರೆ ತೆಗೆದುಕೊಳ್ಳುತ್ತೇನೆ. ತಿಂಗಳಿಗೊಮ್ಮೆಯಾದರೂ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಒಮ್ಮೆ ಒಂದು ಗೋಡೌನಿನಲ್ಲಿ ಫ್ರೋಝನ್ ಬಂಗುಡೆಯ ಪೆಟ್ಟಿಗೆಗಳನ್ನು ನನ್ನ ಗಾಡಿ ಬರುವ ಮೊದಲೇ ಹೊರಗೆ ತಂದು ಅಟ್ಟಿ ಹಾಕಿದ್ದರು. ರಟ್ಟಿನ ಮೂಲೆಗಳು ಒದ್ದೆಯಾಗಿದ್ದವು, ಅಡಿಯ ಪೆಟ್ಟಿಗೆ ಭಾರಕ್ಕೆ ಉಬ್ಬಿತ್ತು. ಕಡ್ಡಿ ಇಟ್ಟರೆ ಮೈನಸ್ 9.

"ಎಂತ ಅಣ್ಣಾ, ನಮ್ಮ ಮೇಲೆ ನಂಬಿಕೆ ಇಲ್ವಾ? ಗಾಡಿಯಲ್ಲಿ ಹೋಗ್ತಾ ಹೋಗ್ತಾ ಗಟ್ಟಿಯಾಗ್ತದೆ," ಅಂದರು ಸೂಪರ್‌ವೈಸರ್.

"ನಂಬಿಕೆಯ ಮಾತಲ್ಲ ಮಾರಾಯ್ರೇ. ಬಿಲ್ಲಿನಲ್ಲಿ ಮೈನಸ್ 9 ಅಂತ ಬರೆದು ಸೈನ್ ಹಾಕಿ ಕೊಡಿ, ಕೊಂಡೋಗ್ತೇನೆ."

ಅವರು ಸೈನ್ ಹಾಕಲಿಲ್ಲ. ನಾನು ಕಾಸರಗೋಡಿನ ಪಾರ್ಟಿಗೆ ಫೋನ್ ಮಾಡಿ ವಿಷಯ ಹೇಳಿದೆ. ಪೆಟ್ಟಿಗೆಗಳು ವಾಪಸ್ ಫ್ರೀಜರಿಗೆ ಹೋದವು, ನನ್ನ ಒಂದು ಬಾಡಿಗೆ ಹೋಯಿತು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ನಿಯಮದಲ್ಲಿ ಫ್ರೋಝನ್ ಎಂದರೆ ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ. ಅಂದಿನಿಂದ ಹತ್ತಿಸುವಾಗ ನೋಡಿದ ಅಂಕೆಯನ್ನು ಬಿಲ್ಲಿನ ಮೇಲೆಯೇ ಬರೆದು ಅವರ ಎದುರೇ ಸೈನ್ ಹಾಕಿಸುತ್ತೇನೆ. ಇಳಿಸುವಾಗಲೂ ಅಷ್ಟೇ. ಒಳಗೆ ಇಟ್ಟಿರುವ ಡೇಟಾ ಲಾಗರ್ ದಾರಿಯುದ್ದದ ಕಥೆಯನ್ನು ತಾನೇ ಬರೆದುಕೊಳ್ಳುತ್ತದೆ.

ಗಾಡಿಯೂ ತಯಾರಾಗಿರಬೇಕು. ಏಪ್ರಿಲ್ ಬಿಸಿಲಿಗೆ ನಿಂತ ಬಾಡಿಯ, ಅಂದರೆ ಮಾಲು ತುಂಬುವ ಡಬ್ಬದ, ಒಳಗೋಡೆ ಕಾವಲಿಯ ಹಾಗೆ ಕಾದಿರುತ್ತದೆ. ಮಾಲು ಹತ್ತಿಸುವ ಒಂದೂವರೆ ಗಂಟೆ ಮೊದಲೇ ಯೂನಿಟ್ ಹಾಕಿ ಬಾಡಿಯನ್ನು ತಂಪು ಮಾಡಿಟ್ಟುಕೊಳ್ಳುತ್ತೇನೆ. ಬಾಗಿಲು ತೆರೆಯುವ ಮೊದಲು ಯೂನಿಟ್ ಬಂದ್ ಮಾಡಬೇಕು. "ಬಾಗಿಲು ತೆರೆದಾಗಲೇ ಅಲ್ವಾ ತಂಪು ಬೇಕಾದದ್ದು" ಅಂತ ಸುಮಾರು ಜನ ಇದನ್ನು ಒಪ್ಪುವುದಿಲ್ಲ. ಫ್ಯಾನ್ ತಿರುಗುತ್ತಿದ್ದರೆ ಅದು ಹೊರಗಿನ ಒದ್ದೆ ಗಾಳಿಯನ್ನು ಎಳೆದು ಯೂನಿಟ್ಟಿನ ತಂಪು ಕೊಳವೆಗೆ, ಅಂದರೆ ಕಾಯಿಲ್‌ಗೆ, ಹೊಡೆಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನಂಶ ಎಷ್ಟೆಂದು ಹೇಳಬೇಕೇ? ಮಳೆಗಾಲದಲ್ಲಿ ನಾಲ್ಕು ಅಂಗಡಿಗೆ ಇಳಿಸುವುದರೊಳಗೆ ಕಾಯಿಲ್ ಪೂರ್ತಿ ಮಂಜು ಕಟ್ಟುತ್ತದೆ. ಮಂಜು ಕಟ್ಟಿದ ಕಾಯಿಲ್‌ನಲ್ಲಿ ಗಾಳಿ ಹಾಯುವುದಿಲ್ಲ. ಯೂನಿಟ್ ಶಬ್ದ ಮಾಡುತ್ತಲೇ ಇರುತ್ತದೆ, ಮಾಲು ಬಿಸಿಯಾಗುತ್ತಲೇ ಇರುತ್ತದೆ. ಆಗ ಮಂಜು ಕರಗಿಸುವ ಡಿಫ್ರಾಸ್ಟ್ ಹಾಕಬೇಕು. ಡಿಫ್ರಾಸ್ಟ್ ಆಗುವಾಗ ಮೀಟರ್ ಅಂಕೆ ಏರಿದರೆ ಗಾಬರಿ ಬೇಡ, ಅದು ಕಾಯಿಲ್ ಬಳಿಯ ಗಾಳಿಯ ಬಿಸಿ. ಮುಗಿದ ಮೇಲೆ ಅಂಕೆ ಇಳಿಯಲಿಕ್ಕೆ ಶುರುವಾಗದಿದ್ದರೆ ಮಾತ್ರ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕು.

ಕ್ಯಾಬಿನ್ ಮೀಟರಿನ ಅಂಕೆ ಯಾವಾಗಲೂ ಗಾಳಿಯದ್ದೇ. ಯೂನಿಟ್‌ನಿಂದ ಹೊರಟ ತಂಪು ಗಾಳಿ ಚಾವಣಿಯಡಿ ಹಿಂದಿನ ಬಾಗಿಲವರೆಗೆ ಹೋಗಿ, ಕೆಳಗಿಳಿದು, ಮಾಲಿನ ಅಡಿಯಿಂದ ಮುಂದಕ್ಕೆ ವಾಪಸ್ ಬರಬೇಕು. ಪೆಟ್ಟಿಗೆಗಳನ್ನು ಚಾವಣಿಗೆ ತಾಗುವಷ್ಟು ತುಂಬಿಸಿದರೆ ಗಾಳಿ ಅಲ್ಲಿಯೇ ಗಿರಕಿ ಹೊಡೆದು ವಾಪಸಾಗುತ್ತದೆ. ಮೀಟರ್ ಮೈನಸ್ 20 ಅನ್ನುತ್ತದೆ, ಬಾಗಿಲ ಬದಿಯ ಐಸ್‌ಕ್ರೀಂ ಮೆತ್ತಗಾಗಿರುತ್ತದೆ. ಅದಕ್ಕಾಗಿ ಬಾಡಿಯೊಳಗೆ ಒಂದು ಗೆರೆ ಎಳೆದಿಟ್ಟಿದ್ದೇನೆ. ಅದರ ಮೇಲೆ ಒಂದು ಪೆಟ್ಟಿಗೆಯೂ ಹೋಗುವ ಹಾಗಿಲ್ಲ, ಹಮಾಲಿಗಳು ಎಷ್ಟೇ ಗೊಣಗಲಿ. ಫ್ರೋಝನ್ ಮಾಲಿನ ಪೆಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಇಡಬಹುದು, ಸುತ್ತಲೂ ಗಾಳಿ ಹೋದರೆ ಸಾಕು. ತರಕಾರಿ, ಹಣ್ಣು ತಾವೇ ಉಸಿರಾಡಿ ಬಿಸಿ ಬಿಡುತ್ತವೆ, ಅವುಗಳ ನಡುವೆಯೂ ಗಾಳಿ ಹಾಯಬೇಕು. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಾಗುತ್ತದೆ. ಪನೀರಿನ ಜೊತೆ ಒಂದೇ ಬಾಡಿಯಲ್ಲಿ ಅದನ್ನು ತರಲಿಕ್ಕಾಗುವುದಿಲ್ಲ ಅಂತ ಬಾಡಿಗೆ ಮಾತಾಡುವಾಗಲೇ ಹೇಳಿಬಿಡುತ್ತೇನೆ.

ಇನ್ನು ಹಸಿ ಮೀನು. ಇದರ ಬಗ್ಗೆ ನಾನು ಯಾರ ಹತ್ತಿರವೂ ರಾಜಿ ಮಾಡಿಕೊಳ್ಳುವುದಿಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಯಂತ್ರದ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಮಾರ್ಕೆಟ್ಟಿಗೆ ಆ ಕಡೆಯ ಮೀನು ದೂರದ ದಾರಿ ಹಿಡಿದು ಬರುತ್ತದೆ. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನು ಬಿಸಿಯಲ್ಲಿ ಉಳಿದರೆ ಅದರಲ್ಲಿ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ ವಿಷದ ವಸ್ತು ಹುಟ್ಟಿಸುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಮೀನು ನೋಡಲಿಕ್ಕೆ, ಮೂಸಲಿಕ್ಕೆ ಸರಿಯಾಗಿಯೇ ಇರಬಹುದು. ತಿಂದವರಿಗೆ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ನಾನು ಇಳಿಸುವ ಮೀನನ್ನು ನನ್ನ ಊರಿನ ಮಕ್ಕಳೇ ತಿನ್ನುವುದು.

ಹಸಿ ಮೀನನ್ನು ಕಾಯುವುದು ಐಸ್, ಯೂನಿಟ್ ಅದಕ್ಕೆ ಸಹಾಯಕ. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲರಿ ಶಾಖ ನುಂಗುತ್ತದೆ. ಅದೇ ಒಂದು ಕಿಲೋ ತಣ್ಣೀರು ಸೊನ್ನೆಯಿಂದ 5 ಡಿಗ್ರಿಗೆ ಏರುವಾಗ ನುಂಗುವುದು ಬರೀ 5. ಆದ್ದರಿಂದ ಐಸ್ ಕರಗಬೇಕು, ಆದರೆ ನಿಧಾನಕ್ಕೆ ಕರಗಬೇಕು. ಬಾಡಿಯನ್ನು ಸೊನ್ನೆಯಿಂದ 2 ಡಿಗ್ರಿಯ ನಡುವೆ ಸೆಟ್ ಮಾಡುತ್ತೇನೆ. ಕೆಲವರು ಜಾಸ್ತಿ ತಂಪಾಗಲಿ ಅಂತ ಮೈನಸ್ 5 ಇಡುತ್ತಾರೆ. ಆಗ ಐಸ್ ಕರಗುವುದು ನಿಲ್ಲುತ್ತದೆ, ಮೀನಿನ ಮೈ ಒಣಗಿ ಅರೆಬರೆ ಹೆಪ್ಪುಗಟ್ಟುತ್ತದೆ. ಕರಗಿದ ತಣ್ಣೀರು ಮೀನಿನ ಮೇಲೆ ಹರಿದು ಲೋಳೆ ತೊಳೆದುಕೊಂಡು ಹೋಗುವುದೇ ಬೇಕಾದದ್ದು. ಕ್ರೇಟಿನ ಅಡಿಯಲ್ಲಿ ಐಸ್, ಮೇಲೆ ಮೀನು, ಮತ್ತೆ ಐಸ್, ಮತ್ತೆ ಮೀನು, ತುದಿಯಲ್ಲಿ ದಪ್ಪಕ್ಕೆ ಐಸ್. ದೂರದ ದಾರಿಗೆ ಮೀನಿನ ತೂಕದಷ್ಟೇ ಐಸ್ ಬೇಕು. ದೋಣಿಯಿಂದ ಮೀನು ಇಳಿಸುವ ಧಕ್ಕೆಯಲ್ಲಿ ಐಸಿನ ದೊಡ್ಡ ಗಟ್ಟಿಗಳನ್ನು ಹಾಗೇ ಎಸೆಯಲಿಕ್ಕೆ ಬಂದರೆ ಪುಡಿ ಮಾಡಿಸಿಯೇ ಹಾಕಿಸುತ್ತೇನೆ, ಚೂಪು ಗಟ್ಟಿ ಮೀನಿನ ಹೊಟ್ಟೆ ಹರಿಯುತ್ತದೆ.

ನನ್ನ ಗಾಡಿಯ ಕಂಪ್ರೆಸರ್ ಓಡುವುದು ಗಾಡಿಯ ಇಂಜಿನಿನಿಂದ. ಇಂಜಿನ್ ನಿಂತರೆ ತಂಪು ನಿಂತಿತು. ಷಟ್ಪಥದ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಂತಾಗ ಡೀಸೆಲ್ ಸುಟ್ಟರೂ ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಊಟಕ್ಕೆ ನಿಲ್ಲುವಾಗ ನೆರಳು ಹುಡುಕುತ್ತೇನೆ. ರಾತ್ರಿ ಮಾಲು ಒಳಗೇ ಉಳಿದರೆ ಮನೆಯಂಗಳದ ತ್ರೀ ಫೇಸ್ ಪ್ಲಗ್ಗಿಗೆ, ಇಂಜಿನ್ ಇಲ್ಲದೆ ಕರೆಂಟಿನಲ್ಲಿ ಯೂನಿಟ್ ಓಡಿಸುವ ಸ್ಟ್ಯಾಂಡ್‌ಬೈ ವಯರ್ ಚುಚ್ಚಿ, ಕರೆಂಟು ಹೋದರೆ ಎಚ್ಚರವಾಗಲಿ ಅಂತ ಅಲಾರಂ ಇಡುತ್ತೇನೆ.

ಕೊನೆಗೆ ಇಳಿಯುವ ಅಂಗಡಿಯ ಮಾಲು ಮೊದಲು ಹತ್ತಬೇಕು. ಇದು ಎಲ್ಲರಿಗೂ ಗೊತ್ತು, ಆದರೆ ಪಟ್ಟಿ ಬರೆದುಕೊಳ್ಳುವವರು ಕಡಿಮೆ. ಕುಂಬಳೆಯ ಪೆಟ್ಟಿಗೆ ಹುಡುಕಲಿಕ್ಕೆ ಕಾಞಂಗಾಡಿನ ಮಾಲನ್ನೆಲ್ಲ ಹೊರಗೆ ಎಳೆದರೆ ಐಸ್‌ಕ್ರೀಂ ತಾಳುವುದಿಲ್ಲ. ಅದು ಸ್ವಲ್ಪ ಕರಗಿ ಪುನಃ ಗಟ್ಟಿಯಾದರೆ ಒಳಗೆ ದೊಡ್ಡ ಮಂಜಿನ ಹರಳು ಕಟ್ಟುತ್ತದೆ, ನಾಲಗೆಗೆ ಮರಳಿನ ಹಾಗೆ ಸಿಗುತ್ತದೆ. ಬಾಗಿಲಿನ ಪ್ಲಾಸ್ಟಿಕ್ ಪರದೆ ಮುಖಕ್ಕೆ ಹೊಡೆಯುತ್ತದೆ ಅಂತ ಹುಡುಗರು ಗಂಟು ಹಾಕಿ ಮೇಲೆ ಕಟ್ಟುತ್ತಾರೆ. ಪ್ರತಿ ಸಲ ನಾನೇ ಹೋಗಿ ಗಂಟು ಬಿಚ್ಚುತ್ತೇನೆ.

ಮೀನು ಹಾಕಿದ ಬಾಡಿಯನ್ನು ಸೋಪಿನ ನೀರಿನಲ್ಲಿ, ಆಮೇಲೆ ಕ್ಲೋರಿನ್ ನೀರಿನಲ್ಲಿ ತೊಳೆದು, ನೀರು ಹೋಗುವ ತೂತಿಗೆ ಕೋಲು ಹಾಕಿ ನೋಡಿ, ಬಾಗಿಲು ತೆರೆದಿಟ್ಟು ಒಣಗಿಸುತ್ತೇನೆ. ಬೆಣ್ಣೆಗೆ, ಐಸ್‌ಕ್ರೀಮಿಗೆ ಮೀನಿನ ವಾಸನೆ ಬಹಳ ಬೇಗ ಹತ್ತುತ್ತದೆ. ಒಣಗಿದ ಮೇಲೆ ನಾನು ಒಳಗೆ ನಿಂತು ಹೊರಗಿನಿಂದ ಬಾಗಿಲು ಹಾಕಿಸುತ್ತೇನೆ. ಹಗಲಿನಲ್ಲಿ ಬಾಗಿಲಂಚಿನ ರಬ್ಬರ್ ಪಟ್ಟಿಯ, ಅಂದರೆ ಗ್ಯಾಸ್ಕೆಟ್‌ನ, ಸಂದಿಯಿಂದ ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಬಿಸಿ ಗಾಳಿ ನುಗ್ಗುತ್ತದೆ. ಅನುಮಾನ ಇದ್ದ ಕಡೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಬೇಕು, ಸಲೀಸಾಗಿ ಬಂದರೆ ಆ ಗ್ಯಾಸ್ಕೆಟ್ ಮುಗಿಯಿತು. ಬದಲಿಸುವಾಗ ಇಡೀ ಬಾಗಿಲಿನದ್ದನ್ನು ಒಟ್ಟಿಗೆ ಬದಲಿಸಿ. ತುಂಡು ಸೇರಿಸಿದರೆ ಆ ಜೋಡಣೆಯಲ್ಲಿಯೇ ಪುನಃ ಸೋರುತ್ತದೆ.